ಕಾರಿನ ಇನ್ಶೂರೆನ್ಸ್ ರಿನ್ಯೂವಲ್: ಮಕ್ಕಳು ಮಲಗಿದ ಮೇಲೆ ಸಿಗೋ ಅರ್ಧ ಗಂಟೆಯಲ್ಲಿ ಏನೇನು ನೋಡಬೇಕು?

ಎಸ್‌.ಎಸ್‌.ಪುರಂ ಅಪ್ಪ
ಕಾರು 1197 ಸಿಸಿ ಪೆಟ್ರೋಲ್, ಕೆಎ-06 (ತುಮಕೂರು) ನೋಂದಣಿ. ಈ ತಿಂಗಳು ನಾಲ್ಕು ವರ್ಷ ತುಂಬುತ್ತೆ. ಇದುವರೆಗೆ ಒಂದೂ ಕ್ಲೈಮ್ ಇಲ್ಲ. ಪಾಲಿಸಿ 14ರ ಮಧ್ಯರಾತ್ರಿಗೆ ಮುಗಿಯುತ್ತೆ, ಇನ್ನು ಹನ್ನೆರಡು ದಿನ ಇದೆ. ಮೂರು ಕೊಟೇಶನ್ ಕೈಲಿದೆ: ಶೋರೂಮಿಂದ 14,800, ಪರಿಚಯದ ಏಜೆಂಟ್ ಕಡೆಯಿಂದ 11,200, ಮೊಬೈಲಲ್ಲಿ 8,100. ಮೂರರ ಮೇಲೂ ‘ಫುಲ್ ಇನ್ಶೂರೆನ್ಸ್’ ಅಂತಲೇ ಇದೆ. ಮನೆಯಲ್ಲಿ ಇಬ್ಬರೂ ಕೆಲಸಕ್ಕೆ ಹೋಗೋರು, ಎರಡು ಮಕ್ಕಳು. ಆಫೀಸಿಗೆ ಹೋಗಿ ಕೂತು ಕೇಳೋಕೆ ಪುರುಸೊತ್ತಿಲ್ಲ. ಕೊಟೇಶನ್ನಲ್ಲಿ ಯಾವ ಸಾಲು ನೋಡಬೇಕು, ಯಾವುದು ಬಿಟ್ಟರೂ ನಡೆಯುತ್ತೆ?

ಲೆಕ್ಕದ ಪುಸ್ತಕ
ಕೊನೇ ಮೊತ್ತ ಹೋಲಿಸಿದರೆ ಏನೂ ತಿಳಿಯಲ್ಲ ಸರ್, ಮೂರೂ ಬೇರೆ ಬೇರೆ ಸಾಮಾನು. ಒಂದು ಹಾಳೆ ತಗೊಂಡು ಮೂರರಲ್ಲೂ ಐದು ಸಾಲು ಬರೆದುಕೊಳ್ಳಿ: ಐಡಿವಿ (ಕಾರು ಕಳುವಾದರೆ ಅಥವಾ ಪೂರ್ತಿ ಹಾಳಾದರೆ ಲೆಕ್ಕಕ್ಕೆ ಹಿಡಿಯೋ ಕಾರಿನ ಬೆಲೆ), ಓಡಿ ಪ್ರೀಮಿಯಂ, ಎನ್‌ಸಿಬಿ (ಕ್ಲೈಮ್ ಮಾಡದ್ದಕ್ಕೆ ಸಿಗೋ ರಿಯಾಯಿತಿ), ಥರ್ಡ್ ಪಾರ್ಟಿ (ನಿಮ್ಮ ಕಾರಿಂದ ಬೇರೆಯವರಿಗೆ ಆದ ಹಾನಿಗೆ), ಆಡ್-ಆನ್ (ಹೆಚ್ಚುವರಿ ರಕ್ಷಣೆ).

ಥರ್ಡ್ ಪಾರ್ಟಿಯಲ್ಲಿ ಯಾರೂ ಚೌಕಾಸಿ ಮಾಡೋ ಹಾಗಿಲ್ಲ, ದರ ಸರ್ಕಾರದ್ದು. 2022ರ ಜೂನ್ 1ರಿಂದ ಬಂದ ಪಟ್ಟಿಯ ಪ್ರಕಾರ ಖಾಸಗಿ ಕಾರಿಗೆ 1000 ಸಿಸಿವರೆಗೆ 2,094, 1000ದಿಂದ 1500ವರೆಗೆ 3,416, ಅದಕ್ಕೂ ಮೇಲೆ 7,897 ರೂಪಾಯಿ. ನಿಮ್ಮದು ನಡುವಿನ ಸಾಲು. ಮೂರು ಕೊಟೇಶನ್ನಲ್ಲೂ ಈ ಅಂಕಿ ಒಂದೇ ಇರಬೇಕು. ಇಲ್ಲದಿದ್ದರೆ ಯಾರೋ ಸಿಸಿ ತಪ್ಪು ತುಂಬಿದ್ದಾರೆ ಅಂತ.

ಹೆಚ್ಚುಕಡಿಮೆ ಆಗೋದೆಲ್ಲ ಓಡಿ, ಅಂದರೆ ನಿಮ್ಮ ಕಾರಿನ ಸ್ವಂತ ಹಾನಿಯ ಭಾಗದಲ್ಲಿ. ಅದರ ಬುಡ ಐಡಿವಿ. ನಾಲ್ಕು ವರ್ಷ ತುಂಬಿ ಐದರೊಳಗಿನ ಕಾರಿಗೆ ಇವತ್ತಿನ ಶೋರೂಮ್ ಬೆಲೆಯಲ್ಲಿ 50% ಕಳೆಯುತ್ತಾರೆ. ಈಗ 8 ಲಕ್ಷದ ಮಾಡೆಲ್ ಅಂದುಕೊಂಡರೆ ಐಡಿವಿ 4 ಲಕ್ಷ. ಹಳೆಯ ಟ್ಯಾರಿಫಿನಲ್ಲಿ (ಮೊದಲು ಎಲ್ಲ ಕಂಪನಿಗೂ ಒಂದೇ ಇದ್ದ ದರಪಟ್ಟಿ) ಬೆಂಗಳೂರು ಎ ವಲಯ, ತುಮಕೂರು ನೋಂದಣಿ ಬಿ ವಲಯ. 1000–1500 ಸಿಸಿ, ಐದು ವರ್ಷದೊಳಗೆ ಬಿ ವಲಯದ ದರ 3.191%. ಅದೇ ಲೆಕ್ಕ ಹಿಡಿದರೆ:

ಮೂಲ ಓಡಿ 12,764. ಕಂಪನಿ 60% ರಿಯಾಯಿತಿ ಕೊಟ್ಟಿತು ಅನ್ನೋಣ, 5,106 ಉಳಿಯಿತು. ನಾಲ್ಕು ವರ್ಷ ಕ್ಲೈಮ್ ಇಲ್ಲದ್ದಕ್ಕೆ ಎನ್‌ಸಿಬಿ 45%, ಹೋಯಿತು 2,298. ಉಳಿದ ಓಡಿ 2,808. ಬಂಪರ್ ಟು ಬಂಪರ್ (ಹಳತಾಯಿತು ಅಂತ ಕಳೆಯದೆ ಬಿಡಿಭಾಗದ ಪೂರ್ತಿ ಬೆಲೆ ಕೊಡೋ) ಆಡ್-ಆನ್ ಐಡಿವಿಯ 0.5% ಅಂತಿಟ್ಟರೆ 2,000. ಥರ್ಡ್ ಪಾರ್ಟಿ 3,416. ಮಾಲೀಕ-ಚಾಲಕನ 15 ಲಕ್ಷದ ಅಪಘಾತ ವಿಮೆಗೆ ಸುಮಾರು 325. ಒಟ್ಟು 8,549. ಅದರ ಮೇಲೆ ಜಿಎಸ್‌ಟಿ 18%, 1,539. ಕಟ್ಟಬೇಕಾದ್ದು 10,088.

ರಿಯಾಯಿತಿ ಮತ್ತು ಆಡ್-ಆನ್ ದರ ಕಂಪನಿಯಿಂದ ಕಂಪನಿಗೆ ಬೇರೆ. ಆದರೂ ಈ ಅಂದಾಜು ಪಕ್ಕದಲ್ಲಿಟ್ಟರೆ ನಿಮ್ಮ 8,100 ಎಲ್ಲಿ ತೆಳುವಾಯಿತು ಅಂತ ಕಾಣುತ್ತೆ. ಸಾಮಾನ್ಯವಾಗಿ ಬಂಪರ್ ಟು ಬಂಪರ್ ಟಿಕ್ ತೆಗೆದಿರುತ್ತೆ, ಐಡಿವಿಯನ್ನು ಕನಿಷ್ಠಕ್ಕೆ ಎಳೆದಿರುತ್ತೆ, ಅಪಘಾತ ವಿಮೆ ಬಿಟ್ಟಿರುತ್ತೆ. 14,800ರಲ್ಲಿ ಇದರ ಉಲ್ಟಾ: ಬೀಗದ ಕೈ, ಟೈರ್, ಲಗೇಜ್ ಅಂತ ಕೇಳದ ಆಡ್-ಆನ್‌ಗಳು ಸಾಲಾಗಿ ಕೂತಿರುತ್ತವೆ. ‘ಇವನ್ನು ತೆಗೆದು ಮತ್ತೆ ಕಳಿಸಿ’ ಅಂದರೆ ಅದೇ ಶೋರೂಮಿನ ಮೊತ್ತ ಇಳಿಯುತ್ತೆ.

ಐಡಿವಿ ಇಳಿಸಿದರೆ ಎಷ್ಟು ಉಳಿಯುತ್ತೆ ನೋಡಿ. 4 ಲಕ್ಷದಿಂದ 3.2 ಲಕ್ಷಕ್ಕೆ ಇಳಿಸಿದರೆ ಮೇಲಿನ ಲೆಕ್ಕದಲ್ಲಿ ಓಡಿಯಲ್ಲಿ 562, ಆಡ್-ಆನ್‌ನಲ್ಲಿ 400, ತೆರಿಗೆ ಸೇರಿ 1,135 ರೂಪಾಯಿ. ಕಾರು ಕಳುವಾದರೆ ಅಥವಾ ಪೂರ್ತಿ ಹಾಳಾದರೆ ಕೈಗೆ ಬರೋದು 80,000 ಕಡಿಮೆ. ಹಾಗಂತ ಮಾರುಕಟ್ಟೆ ಬೆಲೆಗಿಂತ ಮೇಲಕ್ಕೂ ಎಳೆಯಬೇಡಿ. ರಿಪೇರಿ ಕ್ಲೈಮಿಗೆ ಅದರಿಂದ ಒಂದು ಪೈಸೆ ಹೆಚ್ಚು ಬರಲ್ಲ.

ಗುಬ್ಬಿಗೇಟ್ ಟಿಂಕರಿಂಗ್
ಬಂಪರ್ ಟು ಬಂಪರ್ ಬೇಕೋ ಬೇಡವೋ ಅನ್ನೋದು ಬಿಲ್ ನೋಡಿದರೇ ಅರ್ಥ ಆಗೋದು. ಅದಿಲ್ಲದ ಪಾಲಿಸಿಯಲ್ಲಿ ಪ್ಲಾಸ್ಟಿಕ್, ರಬ್ಬರ್, ಟೈರ್, ಬ್ಯಾಟರಿ, ಏರ್‌ಬ್ಯಾಗ್ ಎಲ್ಲದಕ್ಕೂ 50% ಸವಕಳಿ, ಅಂದರೆ ಹಳತಾಯಿತು ಅಂತ ಕಳೆಯೋ ಪಾಲು. ಫೈಬರ್‌ಗ್ಲಾಸ್‌ಗೆ 30%. ಗಾಜಿಗೆ ಇಲ್ಲ. ಕಬ್ಬಿಣದ ಭಾಗಕ್ಕೆ ಕಾರಿನ ವಯಸ್ಸಿನ ಮೇಲೆ: ಎರಡರಿಂದ ಮೂರು ವರ್ಷಕ್ಕೆ 15%, ಮೂರರಿಂದ ನಾಲ್ಕಕ್ಕೆ 25%, ನಾಲ್ಕರಿಂದ ಐದಕ್ಕೆ 35%, ಐದರಿಂದ ಹತ್ತಕ್ಕೆ 40%. ಪೇಂಟಿಂಗ್ ಬಿಲ್ಲಲ್ಲಿ ಕಾಲು ಭಾಗ ಬಣ್ಣದ ಸಾಮಾನು ಅಂತ ಹಿಡಿದು ಅದರಲ್ಲಿ ಅರ್ಧ ಕಳೀತಾರೆ.

ಮುಂದುಗಡೆ ಒಂದು ಸಾಧಾರಣ ಗುದ್ದು ಲೆಕ್ಕ ಹಾಕಿ. ಬಂಪರ್ 9,000, ಹೆಡ್‌ಲೈಟ್ 14,000, ಫೆಂಡರ್ 4,000, ಪೇಂಟಿಂಗ್ 8,000, ಲೇಬರ್ 3,500. ಒಟ್ಟು 38,500. ಬಂಪರ್ ಟು ಬಂಪರ್ ಇಲ್ಲದಿದ್ರೆ ಬಂಪರ್‌ದು 4,500, ಹೆಡ್‌ಲೈಟ್‌ದು 7,000, ಫೆಂಡರ್‌ದು 1,400, ಬಣ್ಣದ್ದು 1,000, ಕಡ್ಡಾಯ ಕಡಿತ 1,000. ಕೈಯಿಂದ ಹೋಗೋದು 14,900. ಇದ್ದರೆ ಆ ಕಡ್ಡಾಯ ಕಡಿತ 1,000 ಮಾತ್ರ, ಜೊತೆಗೆ ಆಯಿಲ್, ಕೂಲೆಂಟ್, ಕ್ಲಿಪ್ಪು, ಬೋಲ್ಟು ಅಂತ ಚಿಲ್ಲರೆ. ಅವು ‘ಕನ್ಸ್ಯೂಮಬಲ್ಸ್’ ಆಡ್-ಆನ್ ಇದ್ದರೆ ಮಾತ್ರ ಬರುತ್ತವೆ. (ಕಡ್ಡಾಯ ಕಡಿತ 1500 ಸಿಸಿವರೆಗೆ 1,000, ಮೇಲೆ 2,000. ಪ್ರತಿ ಕ್ಲೈಮಿಗೂ ಹೋಗುತ್ತೆ, ವರ್ಷಕ್ಕೊಮ್ಮೆ ಅಲ್ಲ.)

ಈಗಿನ ಕಾರುಗಳಲ್ಲಿ ಮುಂದೆ ಹಿಂದೆ ಎಲ್ಲ ಪ್ಲಾಸ್ಟಿಕ್ಕೇ. ಐದು ವರ್ಷದೊಳಗೆ ಬಂಪರ್ ಟು ಬಂಪರ್ ಬಿಡೋದು ನನ್ನ ಪ್ರಕಾರ ಸುಳ್ಳು ಉಳಿತಾಯ. ಆದರೆ ವರ್ಷಕ್ಕೆ ಎಷ್ಟು ಕ್ಲೈಮಿಗೆ ಅನ್ವಯ ಅನ್ನೋದನ್ನ ಓದಿಕೊಳ್ಳಿ. ಎರಡಕ್ಕೆ ನಿಲ್ಲಿಸೋ ಪಾಲಿಸಿಗಳಿವೆ.

ಎಸ್‌.ಎಸ್‌.ಪುರಂ ಅಪ್ಪ
ಧನ್ಯವಾದ, ಈಗ ಮೂರರ ಅಂತರ ಗೊತ್ತಾಯ್ತು. ಇನ್ನೊಂದು ಪ್ರಶ್ನೆ. ಕಾರು ಓಡೋದು ಸ್ಕೂಲು, ಬಿ.ಎಚ್. ರಸ್ತೆ, ಭಾನುವಾರ ಊರು. ಅಷ್ಟಕ್ಕೆ ಥರ್ಡ್ ಪಾರ್ಟಿ ಮಾತ್ರ ಸಾಲದಾ? ಪೊಲೀಸರು ಕೇಳೋದು ಅದೇ ಅಲ್ಲವಾ?

ಪಾಲಿಸಿ ಓದುವವಳು
ಪೊಲೀಸರಿಗೆ ಸಾಕು. ಮನೆಯವರಿಗೆ ಸಾಲದು. ಮಕ್ಕಳಿರುವವರು ಇದನ್ನು ಮೊದಲು ತಿಳಿದಿರಬೇಕು.

1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಕೇಳುವುದು ಥರ್ಡ್ ಪಾರ್ಟಿ ವಿಮೆಯನ್ನೇ. ಅದಿಲ್ಲದೆ ಓಡಿಸಿದರೆ 196ನೇ ಕಲಂ ಪ್ರಕಾರ ಮೊದಲ ಸಲ 2,000 ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ದಂಡ 4,000. ಆದರೆ ‘ಥರ್ಡ್ ಪಾರ್ಟಿ’ ಅಂದರೆ ಯಾರು? ರಸ್ತೆಯಲ್ಲಿ ನಡೆಯುವವರು, ಎದುರು ಗಾಡಿಯವರು. ನಿಮ್ಮ ಖಾಸಗಿ ಕಾರಿನೊಳಗೆ ಪುಕ್ಕಟೆ ಕೂತ ಹೆಂಡತಿ, ಮಕ್ಕಳು, ಅತ್ತೆ, ಪಕ್ಕದ ಮನೆ ಹುಡುಗ ಇವರಿಗೆ ಬರೀ ಥರ್ಡ್ ಪಾರ್ಟಿ ಪಾಲಿಸಿಯಲ್ಲಿ ಪರಿಹಾರದ ಹೊಣೆ ಕಂಪನಿ ಮೇಲೆ ಬೀಳುವುದಿಲ್ಲ ಎಂಬ ನಿಲುವನ್ನು ನ್ಯಾಯಾಲಯಗಳು ತಳೆದಿವೆ. ಕಾಂಪ್ರಹೆನ್ಸಿವ್, ಅಂದರೆ ನಾವು ಫಸ್ಟ್ ಪಾರ್ಟಿ ಎನ್ನುವ ಪಾಲಿಸಿ ಇದ್ದರೆ ಒಳಗಿರುವವರ ಹೊಣೆಯೂ ಅದರಲ್ಲಿ ಸೇರುತ್ತದೆ. ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎ 2009ರಲ್ಲೇ ಈ ಬಗ್ಗೆ ಸುತ್ತೋಲೆ ಹೊರಡಿಸಿ ಸ್ಪಷ್ಟಪಡಿಸಿದೆ.

ಇದರ ಜೊತೆಗೆ ‘ಹೆಸರಿಸದ ಪ್ರಯಾಣಿಕರ ಅಪಘಾತ ವಿಮೆ’ ಅಂತ ಒಂದು ಸಾಲು ಇರುತ್ತದೆ. ಹಳೆ ಟ್ಯಾರಿಫ್ ಲೆಕ್ಕದಲ್ಲಿ ಒಬ್ಬರಿಗೆ 1 ಲಕ್ಷಕ್ಕೆ 50 ರೂಪಾಯಿ, ಐದು ಸೀಟಿಗೆ 250. ಒಬ್ಬರಿಗೆ 2 ಲಕ್ಷವೇ ಮಿತಿ. ಇದು ಯಾರ ತಪ್ಪು ಎಂದು ಕೇಳದೆ ಕೊಡುವ ಹಣ, ಕೋರ್ಟಿಗೆ ಅಲೆಯಬೇಕಿಲ್ಲ. ಸಂಬಳದ ಡ್ರೈವರ್ ಇದ್ದರೆ ಅವರ ಹೊಣೆಗೆ ಬೇರೆ ಸಾಲು, ವರ್ಷಕ್ಕೆ 50 ರೂಪಾಯಿ. ಮಕ್ಕಳನ್ನು ಸ್ಕೂಲಿಗೆ ಬಿಡಲು ಡ್ರೈವರ್ ಇಟ್ಟುಕೊಂಡವರು ಈ ಐವತ್ತನ್ನು ಉಳಿಸಲು ಹೋಗಬೇಡಿ.

ಇನ್ನೊಂದು, ಅಪ್ಪ-ಅಮ್ಮಂದಿರು ಸರದಿ ಮೇಲೆ ನಾಲ್ಕು ಮನೆ ಮಕ್ಕಳನ್ನು ಕರೆದೊಯ್ಯುವುದು ಇದೆಯಲ್ಲ, ಅದಕ್ಕೆ ತೊಂದರೆ ಇಲ್ಲ. ತಿಂಗಳಿಗೆ ಇಷ್ಟು ಅಂತ ದುಡ್ಡು ತೆಗೆದುಕೊಂಡು ವೈಟ್ ಬೋರ್ಡ್ ಕಾರಿನಲ್ಲಿ ಒಯ್ದರೆ ಅದು ಬಾಡಿಗೆ. ಪಾಲಿಸಿಯ ‘ಬಳಕೆಯ ಮಿತಿ’ ಕಾಲಮ್ಮಿನಲ್ಲಿ ಬಾಡಿಗೆಗೆ ಓಡಿಸುವಂತಿಲ್ಲ ಎಂದೇ ಅಚ್ಚಾಗಿರುತ್ತದೆ. ಕ್ಲೈಮ್ ತಿರಸ್ಕರಿಸಲು ಆ ಒಂದು ಸಾಲು ಸಾಕು.

ಕ್ಯಾತ್ಸಂದ್ರ ಟೋಲ್
ಮೇಡಂ ಹೇಳಿದ್ದು ಸರಿ. ಮಾಲೀಕ-ಚಾಲಕನ 15 ಲಕ್ಷದ ವಿಮೆ ಬಗ್ಗೆ ಒಂದು ಮಾತು ಸೇರಿಸ್ತೀನಿ. ಮನೇಲಿ ಸ್ಕೂಟರ್, ಕಾರು ಎರಡೂ ಒಬ್ಬರ ಹೆಸರಲ್ಲೇ ಇದ್ದು ಸ್ಕೂಟರ್ ಪಾಲಿಸಿಯಲ್ಲಿ ಇದು ಈಗಾಗಲೇ ಇದ್ರೆ ಕಾರಿಗೆ ಮತ್ತೆ ಕಟ್ಟಬೇಕಿಲ್ಲ. 2019ರ ಜನವರಿಯಿಂದ ಹಾಗೆ ಬಿಡೋಕೆ ಅವಕಾಶ ಇದೆ. ಬೇರೆ 15 ಲಕ್ಷದ ವೈಯಕ್ತಿಕ ಅಪಘಾತ ಪಾಲಿಸಿ ಇದ್ದರೂ ಸರಿ. ಆದರೆ ಕಾರು ಹೆಂಡತಿ ಹೆಸರಲ್ಲಿ, ಸ್ಕೂಟರ್ ಗಂಡನ ಹೆಸರಲ್ಲಿ ಇದ್ದರೆ ಇಬ್ಬರಿಗೂ ಬೇರೆ ಬೇರೆ ಬೇಕು. ಆರ್‌ಸಿಯಲ್ಲಿ ಹೆಸರಿರೋ ಮಾಲೀಕರೇ ಓಡಿಸ್ತಿರಬೇಕು, ಲೈಸೆನ್ಸ್ ಚಾಲ್ತಿಯಲ್ಲಿರಬೇಕು. ಕಾರು ಲೈಸೆನ್ಸೇ ಇಲ್ಲದ ಅಮ್ಮನ ಹೆಸರಲ್ಲಿದ್ದರೆ ಈ ವಿಮೆ ಕಟ್ಟಿ ಏನೂ ಉಪಯೋಗ ಇಲ್ಲ.

ಕೋಲಾರ ಕೆಎ-07
ನಮ್ಮ ಕಡೆ ಸಮಸ್ಯೆ ಬೇರೆ. ಪಾಲಿಸಿ ಮುಗಿದು ಹತ್ತು ದಿನ ಆಗಿದೆ, ಪರೀಕ್ಷೆ, ಫೀಸು ಅಂತ ಮರೆತೇ ಹೋಯ್ತು. ಈಗ ಮೊಬೈಲಲ್ಲಿ ಕಟ್ಟೋಕೆ ಹೋದರೆ ‘ಇನ್ಸ್‌ಪೆಕ್ಷನ್’ ಅಂತ ಕೇಳ್ತಿದೆ. ಎನ್‌ಸಿಬಿ ಹೋಯ್ತಾ?

ಲೆಕ್ಕದ ಪುಸ್ತಕ
ಹೋಗಿಲ್ಲ. ಮುಗಿದ ದಿನದಿಂದ 90 ದಿನದೊಳಗೆ ರಿನ್ಯೂ ಮಾಡಿದರೆ ಎನ್‌ಸಿಬಿ ಉಳಿಯುತ್ತೆ. 91ನೇ ದಿನ ಸೊನ್ನೆ. ಆದರೆ ಈ ಹತ್ತು ದಿನ ಕಾರಿಗೆ ಯಾವ ವಿಮೆಯೂ ಇಲ್ಲ. ‘ಗ್ರೇಸ್ ಪೀರಿಯಡ್’ ಅನ್ನೋದು ಜೀವವಿಮೆಯ ಮಾತು. ವಾಹನಕ್ಕೆ ಅದಿಲ್ಲ. ಕಾರನ್ನು ಶೆಡ್ಡಿಂದ ಆಚೆ ತೆಗೀಬೇಡಿ. ನಾಳೆ ಬೆಳಿಗ್ಗೆ ಮಕ್ಕಳನ್ನು ಬಿಡಲೇಬೇಕು ಅಂದರೆ ಆಟೋ ಹಿಡಿಯಿರಿ.

ಇನ್ಸ್‌ಪೆಕ್ಷನ್ ಕೇಳೋದು ಓಡಿ ಭಾಗಕ್ಕೆ. ಮುಗಿದ ಮೇಲೆ ಗುದ್ದಿಸಿಕೊಂಡು ಆಮೇಲೆ ಪಾಲಿಸಿ ತಗೊಳ್ಳೋರು ಇದ್ದಾರಲ್ಲ, ಅದಕ್ಕೆ. ಈಗ ಬಹುತೇಕ ಕಡೆ ಮೊಬೈಲಿಗೆ ಲಿಂಕ್ ಬರುತ್ತೆ, ನೀವೇ ವಿಡಿಯೋ ತೆಗೆದು ಕಳಿಸಬೇಕು.

ಗುಬ್ಬಿಗೇಟ್ ಟಿಂಕರಿಂಗ್
ಆ ವಿಡಿಯೋ ವಾಪಸ್ ಬರೋಕೆ ಕಾರಣಗಳು ಯಾವಾಗಲೂ ಅವೇ: ಕಾರಿನ ಮೇಲೆ ಧೂಳು, ಕತ್ತಲು, ಚಾಸಿ ನಂಬರ್ ಓದಕ್ಕಾಗದಿರೋದು.

ಮೊದಲು ಕಾರು ತೊಳೀರಿ. ಬೆಳಿಗ್ಗೆ ಎಂಟರಿಂದ ಹತ್ತರೊಳಗೆ ಅಥವಾ ಸಂಜೆ ನಾಲ್ಕರ ಮೇಲೆ ಬಯಲಲ್ಲಿ ನಿಲ್ಲಿಸಿ. ನಡು ಮಧ್ಯಾಹ್ನ ಬಿಸಿಲು ಬಾನೆಟ್ ಮೇಲೆ ಹೊಳೆದು ಡೆಂಟ್ ಥರ ಕಾಣುತ್ತೆ, ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ ಏನೂ ಕಾಣಲ್ಲ. ಚಾಸಿ ನಂಬರ್ ಎಲ್ಲಿದೆ ಅಂತ ಲಿಂಕ್ ಒತ್ತೋ ಮೊದಲೇ ಹುಡುಕಿಟ್ಟುಕೊಳ್ಳಿ. ಎಷ್ಟೋ ಕಾರಲ್ಲಿ ಮುಂದಿನ ಸೀಟಿನ ಕೆಳಗೆ ಕಾರ್ಪೆಟ್ಟಲ್ಲಿ ಒಂದು ಸಣ್ಣ ಮುಚ್ಚಳ ಎತ್ತಿದರೆ ಸಿಗುತ್ತೆ, ಕೆಲವಲ್ಲಿ ಬಾನೆಟ್ ಒಳಗೆ ಹಿಂದಿನ ತಗಡಿನ ಮೇಲೆ. ಗ್ರೀಸು, ಕೊಳೆ ಇದ್ದರೆ ಬಟ್ಟೆಗೆ ಸ್ವಲ್ಪ ಸೀಮೆಎಣ್ಣೆ ಹಾಕಿ ಒರೆಸಿ. ಕೀ ಆನ್ ಮಾಡಿ ಕಿಲೋಮೀಟರ್ ತೋರಿಸಿ. ನಾಲ್ಕು ಮೂಲೆ, ನಂಬರ್ ಪ್ಲೇಟ್, ಮುಂದಿನ ಗಾಜು ಒಳಗಿಂದಲೂ ಹೊರಗಿಂದಲೂ. ನಿಧಾನಕ್ಕೆ ಒಂದು ಸುತ್ತು ಬನ್ನಿ, ನಡುವೆ ಫೋನ್ ಬಂದರೆ ರೆಕಾರ್ಡಿಂಗ್ ಕಟ್ ಆಗುತ್ತೆ, ಹಾಗಾಗಿ ಕಾಲ್ ಬರದ ಹಾಗೆ ಮಾಡ್ಕೊಳ್ಳಿ.

ಹಳೇ ಗೀರು, ಡೆಂಟ್ ಇದ್ರೆ ಮುಚ್ಚಿಡಬೇಡಿ. ಅವನ್ನ ಬರ್ಕೊಂಡು ಅಷ್ಟನ್ನ ಬಿಟ್ಟು ಉಳಿದದ್ದಕ್ಕೆ ಪಾಲಿಸಿ ಕೊಡ್ತಾರೆ. ಮುಂದಿನ ಗಾಜಲ್ಲಿ ಬಿರುಕಿದ್ರೆ ಆ ಗಾಜು ಪಾಲಿಸಿಯಿಂದ ಹೊರಗೆ. ಹೈವೇಲಿ ಜಲ್ಲಿ ಲಾರಿ ಹಿಂದೆ ಹೋಗೋರಿಗೆ ಇದು ದುಬಾರಿ ಬೀಳುತ್ತೆ.

ಕೋಲಾರ ಕೆಎ-07
ಲಿಂಕ್ ಒತ್ತಿ ದುಡ್ಡೂ ಕಟ್ಟಿದರೆ ಅವತ್ತಿಂದಲೇ ಶುರುವಾ?

ಪಾಲಿಸಿ ಓದುವವಳು
ಪಾಲಿಸಿ ಪತ್ರದಲ್ಲಿ ‘ಆರಂಭ’ ಎಂದು ಅಚ್ಚಾಗಿರುವ ದಿನಾಂಕ ಮತ್ತು ಗಂಟೆಯಿಂದ. ಅದಕ್ಕಿಂತ ಮುಂಚೆ ಅಲ್ಲ. ದುಡ್ಡು ಕಟ್ಟಿದ ರಸೀದಿ ಬೇರೆ, ಪಾಲಿಸಿ ಬೇರೆ. ಇನ್ಸ್‌ಪೆಕ್ಷನ್ ಒಪ್ಪಿಗೆಯಾಗದೆ ಪಾಲಿಸಿ ಹುಟ್ಟುವುದಿಲ್ಲ. ಉಲ್ಟಾ ಕೂಡ ನಿಜ: 1938ರ ವಿಮಾ ಕಾಯ್ದೆಯ 64ವಿಬಿ ಕಲಂ ಪ್ರಕಾರ ಪ್ರೀಮಿಯಂ ಕೈಸೇರದೆ ಕಂಪನಿ ಹೊಣೆ ಹೊರುವಂತಿಲ್ಲ. ಏಜೆಂಟರಿಗೆ ಚೆಕ್ ಕೊಟ್ಟು ಅದು ಬೌನ್ಸ್ ಆದರೆ ಕೈಯಲ್ಲಿರುವ ಪಾಲಿಸಿ ಕಾಗದಕ್ಕೆ ಬೆಲೆ ಇಲ್ಲ. ಏಜೆಂಟರ ಸ್ವಂತ ಯುಪಿಐಗೆ ಹಾಕಬೇಡಿ, ಕಂಪನಿಯ ಪೇಮೆಂಟ್ ಲಿಂಕ್ ಕೇಳಿ ಪಡೆಯಿರಿ.

ಶಿರಾಗೇಟ್ ಅಮ್ಮ
ಮರೆತು ಹೋಗೋಕೆ ಒಂದು ಕಾರಣ ಯಾರೂ ಹೇಳಲಿಲ್ಲ. ಹೊಸ ಕಾರು ತಗೊಂಡಾಗ ಡೀಲರ್ ಕಡೆಯವರು ಪಾಲಿಸಿಯಲ್ಲಿ ತಮ್ಮದೇ ಮೊಬೈಲ್ ನಂಬರ್, ತಮ್ಮದೇ ಇ-ಮೇಲ್ ಹಾಕಿಬಿಟ್ಟಿರ್ತಾರೆ. ನೆನಪಿನ ಎಸ್‌ಎಂಎಸ್ ಎಲ್ಲ ಅವರಿಗೇ ಹೋಗ್ತಿರುತ್ತೆ. ಪಾಲಿಸಿಯ ಮೊದಲ ಪುಟದಲ್ಲಿ ನಿಮ್ಮ ನಂಬರಿನ ಕೊನೇ ನಾಲ್ಕು ಅಂಕಿ ಇದೆಯಾ ನೋಡಿ, ಇಲ್ಲದಿದ್ರೆ ಕಸ್ಟಮರ್ ಕೇರಿಗೆ ಹೇಳಿ ಬದಲಾಯಿಸಿ.

ಆಯುಧಪೂಜೆ, ಯುಗಾದಿಗೆ ಕಾರು ತಗೊಂಡವರಿಗೆ ರಿನ್ಯೂವಲ್ ಕೂಡ ಅದೇ ಹಬ್ಬದ ಗಡಿಬಿಡೀಲಿ ಬರುತ್ತೆ. ಗಂಡ ಹೆಂಡತಿ ಇಬ್ಬರ ಫೋನಲ್ಲೂ 30 ದಿನ ಮೊದಲು ಒಂದು, 7 ದಿನ ಮೊದಲು ಒಂದು ಅಲಾರಂ ಇಡಿ. ಮುಂಚೆ ಕಟ್ಟಿದರೆ ನಷ್ಟ ಏನಿಲ್ಲ, ಹೊಸ ಪಾಲಿಸಿ ಹಳೇದು ಮುಗಿದ ಮರುಕ್ಷಣದಿಂದಲೇ ಶುರುವಾಗುತ್ತೆ.

ಕೆವೈಸಿಗೂ ಟೈಮ್ ಇಟ್ಟುಕೊಳ್ಳಿ. 2023ರ ಜನವರಿಯಿಂದ ವಾಹನ ವಿಮೆಗೂ ಅದು ಕಡ್ಡಾಯ. ನಮ್ಮವರ ಹೆಸರಲ್ಲಿ ಇನಿಶಿಯಲ್ ಕಾಟ ಇದ್ದದ್ದೇ: ಆರ್‌ಸಿಯಲ್ಲಿ ಹೆಸರಿನ ಮುಂದೆ ‘ಟಿ.ಎನ್.’, ಪ್ಯಾನ್‌ನಲ್ಲಿ ತಂದೆ ಹೆಸರು ಪೂರ್ತಿ, ಆಧಾರಲ್ಲಿ ಇನಿಶಿಯಲ್ ಹಿಂದೆ. ರಾತ್ರಿ ಹನ್ನೊಂದೂವರೆಗೆ ‘ಹೆಸರು ಹೊಂದುತ್ತಿಲ್ಲ’ ಅಂತ ಬಂದರೆ ಅವತ್ತು ಏನೂ ಮಾಡೋಕಾಗಲ್ಲ. ಪಾಲಿಸಿ ಹೆಸರು ಆರ್‌ಸಿಯಲ್ಲಿ ಇದ್ದ ಹಾಗೇ ಇರಲಿ. ಕೆವೈಸಿಗೆ ಪ್ಯಾನ್ ಬದಲು ಆಧಾರ್ ಅಥವಾ ಆಧಾರ್ ಬದಲು ಪ್ಯಾನ್ ಹಾಕಿ ನೋಡಿ, ಅದೂ ಆಗಲಿಲ್ಲ ಅಂದರೆ ದಾಖಲೆ ಅಪ್‌ಲೋಡ್ ಮಾಡಿ ಒಂದೆರಡು ದಿನ ಕಾಯಬೇಕು. ಕೊನೇ ದಿನಕ್ಕೆ ಇಟ್ಟುಕೊಂಡವರು ಸಿಕ್ಕಿಹಾಕಿಕೊಳ್ಳೋದು ಇಲ್ಲೇ.

ಕ್ಯಾತ್ಸಂದ್ರ ಟೋಲ್
ಕಾರಿಗೆ ಮೂರು ವರ್ಷ ಆಗದವರಿಗೆ ಎರಡು ತಾರೀಖು ಇರುತ್ತವೆ. 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ಒಟ್ಟಿಗೆ ಕಟ್ಟಿಸ್ತಾರೆ, ಓಡಿ ಮಾತ್ರ ಒಂದು ವರ್ಷ. ಮೊಬೈಲಲ್ಲಿ ನೋಡಿದ್ರೆ ‘ಇನ್ಶೂರೆನ್ಸ್ ಇದೆ’ ಅಂತಲೇ ತೋರಿಸುತ್ತೆ, ಯಾಕಂದ್ರೆ ಥರ್ಡ್ ಪಾರ್ಟಿ ಚಾಲ್ತೀಲಿದೆ. ಓಡಿ ಮುಗಿದದ್ದು ಗುದ್ದಿದ ಮೇಲೇ ಗೊತ್ತಾಗೋದು. ಅಂಥವರು ಎರಡನೇ, ಮೂರನೇ ವರ್ಷ ‘ಓಡಿ ಮಾತ್ರ’ ಪಾಲಿಸಿ ತಗೋಬೇಕು. ಗೊತ್ತಿಲ್ಲದೆ ಕಾಂಪ್ರಹೆನ್ಸಿವ್ ಒತ್ತಿದ್ರೆ ಥರ್ಡ್ ಪಾರ್ಟಿಗೆ ಎರಡು ಸಲ ದುಡ್ಡು.

ಎಸ್‌.ಎಸ್‌.ಪುರಂ ಅಪ್ಪ
ಮಳೆಗಾಲ ಹತ್ತಿರ ಬಂತು. ಎಂಜಿನ್ ಪ್ರೊಟೆಕ್ಟ್ ಅಂತ ಒಂದು ಆಡ್-ಆನ್ ಇದೆ, 600 ಚಿಲ್ಲರೆ. ತುಮಕೂರಿಗೆ ಅದು ಬೇಕಾ?

ಗುಬ್ಬಿಗೇಟ್ ಟಿಂಕರಿಂಗ್
ದಿನಾ ರೈಲ್ವೆ ಅಂಡರ್‌ಪಾಸ್ ದಾಟಬೇಕಾದವರಿಗೆ ಬೇಕು. ಶೆಟ್ಟಿಹಳ್ಳಿ ಅಂಡರ್‌ಪಾಸ್ ಕಡೆಯಿಂದ ಮಕ್ಕಳನ್ನ ಬಿಡೋರಿಗಂತೂ ನಾನು ಹಾಕಿಸಿ ಅಂತೀನಿ. ನೀರು ಗಾಳಿಯ ದಾರೀಲಿ ಸಿಲಿಂಡರಿಗೆ ಹೋದ್ರೆ ಪಿಸ್ಟನ್ ಅದನ್ನ ಅಮುಕಕ್ಕಾಗಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತೆ. ಸಾಮಾನ್ಯ ಪಾಲಿಸಿ ಪ್ರವಾಹದ ಹಾನಿ ಕೊಡುತ್ತೆ: ಸೀಟು, ಕಾರ್ಪೆಟ್, ವೈರಿಂಗ್. ಆದರೆ ನೀರಲ್ಲಿ ನಿಂತ ಮೇಲೆ ನೀವು ಮತ್ತೆ ಸ್ಟಾರ್ಟ್ ಮಾಡಿದ್ದರಿಂದ ಆದ ಎಂಜಿನ್ ಹಾನಿ ‘ಪರಿಣಾಮದ ನಷ್ಟ’ ಅಂತ ಹೊರಗಿಡ್ತಾರೆ.

ಆಡ್-ಆನ್ ಇರಲಿ ಬಿಡಲಿ, ನೀರಲ್ಲಿ ಕಾರು ಆಫ್ ಆದ್ರೆ ಕೀ ಮುಟ್ಟಬೇಡಿ. ಮಕ್ಕಳನ್ನ ಇಳಿಸಿ, ಗೇರ್ ನ್ಯೂಟ್ರಲ್ ಮಾಡಿ ತಳ್ಳಿಸಿ, ಟೋ ಮಾಡಿಸಿ. ಆ ಒಂದು ಸೆಲ್ಫ್ ಹೊಡೆತಕ್ಕೆ ಲಕ್ಷ ಹೋಗುತ್ತೆ.

ಲೆಕ್ಕದ ಪುಸ್ತಕ
ಇನ್ನು ಪಾಲಿಸಿ ತಗೊಂಡ ಮೇಲೆ ಯಾವಾಗ ಕ್ಲೈಮ್ ಮಾಡಬಾರದು ಅನ್ನೋ ಲೆಕ್ಕ. ಎನ್‌ಸಿಬಿ ಮೆಟ್ಟಿಲು 20, 25, 35, 45, 50. ಒಂದು ಕ್ಲೈಮ್ ಮಾಡಿದರೆ ಮುಂದಿನ ವರ್ಷ ಸೊನ್ನೆಯಿಂದ ಮತ್ತೆ ಹತ್ತಬೇಕು. ಈಗ 45ರಲ್ಲಿ ಇರೋರು ಈ ವರ್ಷ ಕ್ಲೈಮ್ ಮಾಡದಿದ್ದರೆ ಮುಂದೆ 50. ಮಾಡಿದರೆ ಮುಂದಿನ ಐದು ವರ್ಷ ಕಳೆದುಕೊಳ್ಳೋದು 50, 30, 25, 15, 5. ಕೂಡಿದರೆ 125%. ಎನ್‌ಸಿಬಿ ಕಳೆಯೋ ಮೊದಲಿನ ಓಡಿ 5,106 ಅಂತ ಹಿಡಿದಿದ್ದೆವಲ್ಲ, ಅದರ 125% ಅಂದರೆ 6,382. ವರ್ಷ ವರ್ಷ ಐಡಿವಿ ಇಳಿಯೋದರಿಂದ ಇದು ಸ್ವಲ್ಪ ಕಡಿಮೆ ಆಗುತ್ತೆ, ಜಿಎಸ್‌ಟಿ ಸೇರಿ ಸ್ವಲ್ಪ ಹೆಚ್ಚಾಗುತ್ತೆ. ಅದಕ್ಕೆ ಕಡ್ಡಾಯ ಕಡಿತ 1,000 ಸೇರಿಸಿ. ಹಾಗಾದರೆ ಇಂಥ ಕಾರಿಗೆ ಏಳೆಂಟು ಸಾವಿರದೊಳಗಿನ ರಿಪೇರಿ ಕೈಯಿಂದ ಕೊಡೋದೇ ಲಾಭ. ಸ್ಕೂಲ್ ಗೇಟಿನ ಮುಂದೆ ಬಂಪರ್ ಗೀರಿದ್ದಕ್ಕೆಲ್ಲ ಕ್ಲೈಮ್ ಹಾಕಬೇಡಿ. ಗಾಜಿನ ಕ್ಲೈಮೂ ಕ್ಲೈಮೇ, ಎನ್‌ಸಿಬಿ ಪ್ರೊಟೆಕ್ಟ್ ಆಡ್-ಆನ್ ಇಲ್ಲದಿದ್ದರೆ ಹೋಗುತ್ತೆ ಅಂತಲೇ ಅಂದುಕೊಳ್ಳಿ.

ಕ್ಲೈಮ್ ಮಾಡಿ, ಕಂಪನಿ ಬದಲಿಸಿ, ‘ಕ್ಲೈಮ್ ಇಲ್ಲ’ ಅಂತ ಟಿಕ್ ಹಾಕೋ ಜಾಣತನ ಬೇಡ. ಹೊಸ ಕಂಪನಿ ಹಳೇ ಕಂಪನಿಯಿಂದ ದೃಢೀಕರಣ ತರಿಸುತ್ತೆ. ಸುಳ್ಳು ಅಂತ ಗೊತ್ತಾದರೆ ಓಡಿ ಭಾಗಕ್ಕೆ ಏನೂ ಸಿಗಲ್ಲ.

ಬಟವಾಡಿ ಪಾಲಿಸಿ ಅಂಗಡಿ
ಏಜೆಂಟರ ಕಡೆಯಿಂದ ಒಂದು ಮಾತು. ಮೊಬೈಲಲ್ಲಿ ಅಗ್ಗಕ್ಕೆ ಸಿಗೋದು ನಿಜ, ವಾದ ಇಲ್ಲ. ಆದರೆ ರಾತ್ರಿ ಹತ್ತಕ್ಕೆ ಗುಬ್ಬಿ ದಾಟಿ ಕಾರು ನಿಂತಾಗ ಯಾವ ಗ್ಯಾರೇಜಿಗೆ ತಳ್ಳಬೇಕು, ಹಾನಿ ಅಂದಾಜು ಮಾಡೋ ಸರ್ವೇಯರ್ ಯಾರು ಅಂತ ಹೇಳೋರು ಬೇಕಲ್ಲ. ಎಲ್ಲಿ ಕಟ್ಟಿದರೂ ಸರಿ, ಕಟ್ಟೋ ಮೊದಲು ಆ ಕಂಪನಿಯ ಕ್ಯಾಶ್‌ಲೆಸ್ ಗ್ಯಾರೇಜ್ ಪಟ್ಟಿಯಲ್ಲಿ ತುಮಕೂರು ಅಂತ ಹುಡುಕಿ. ನಿಮ್ಮ ಕಾರಿನ ಬ್ರ್ಯಾಂಡಿನ ವರ್ಕ್‌ಶಾಪ್ ಅದರಲ್ಲಿ ಇಲ್ಲದೆ ಬೆಂಗಳೂರಿನದ್ದು ಮಾತ್ರ ಇದ್ದರೆ ಎಪ್ಪತ್ತು ಕಿಲೋಮೀಟರ್ ಟೋಯಿಂಗ್ ಯಾರು ಕೊಡ್ತಾರೆ ಅಂತ ಮೊದಲೇ ಕೇಳಿ.

ಶಿರಾಗೇಟ್ ಅಮ್ಮ
ಇದು ಒಪ್ಪೋ ಮಾತು. ಏಜೆಂಟ್ ಅಂದ್ರೆ ನೂರಿನ್ನೂರು ಹೆಚ್ಚು ಆಗಲಿ, ಫೋನ್ ಎತ್ತೋರಾದ್ರೆ ಸಾಕು. ಎರಡು ಸಾವಿರ ಹೆಚ್ಚಾದ್ರೆ ಮಾತ್ರ ಯಾಕೆ ಅಂತ ಕೇಳಬೇಕು.

ಕೋಲಾರ ಕೆಎ-07
ಸಿಎನ್‌ಜಿ ಕಿಟ್ ಹಾಕಿಸಿದ ಕಾರು, ಬ್ಯಾಂಕ್ ಸಾಲ ಕಳೆದ ವರ್ಷ ತೀರಿದೆ. ಇವೆರಡಕ್ಕೆ ಬೇರೆ ಏನಾದ್ರೂ ಮಾಡಬೇಕಾ?

ಪಾಲಿಸಿ ಓದುವವಳು
ಎರಡೂ ಪಾಲಿಸಿಯಲ್ಲಿ ಬರೆದಿರಬೇಕು. ಹೊರಗೆ ಹಾಕಿಸಿದ ಕಿಟ್ ಮೊದಲು ಆರ್‌ಸಿಗೆ ಏರಬೇಕು, ಆಮೇಲೆ ಪಾಲಿಸಿಗೆ. ಹಳೆ ಟ್ಯಾರಿಫ್‌ನಲ್ಲಿ ಕಿಟ್ ಬೆಲೆಯ 4% ಓಡಿಗೆ, ಥರ್ಡ್ ಪಾರ್ಟಿಗೆ 60 ರೂಪಾಯಿ. ಬರೆಸದಿದ್ದರೆ ಕಿಟ್‌ಗೆ ಹಣ ಬರುವುದಿಲ್ಲ, ಬೆಂಕಿ ಬಿದ್ದ ಪ್ರಕರಣದಲ್ಲಿ ಇಡೀ ಕ್ಲೈಮೇ ವಿವಾದಕ್ಕೆ ಬೀಳುತ್ತದೆ.

ಸಾಲ ತೀರಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ನಿಮ್ಮ ಹಾಗೂ ಬ್ಯಾಂಕಿನ ಸಹಿಯ ಫಾರಂ 35 ಕೊಟ್ಟು ಆರ್‌ಟಿಒದಲ್ಲಿ ಎಚ್‌ಪಿ (ಆರ್‌ಸಿಯಲ್ಲಿರುವ ಬ್ಯಾಂಕ್ ಸಾಲದ ನಮೂದು) ಕ್ಯಾನ್ಸಲ್ ಮಾಡಿಸಿ. ನಂತರ ಪಾಲಿಸಿಯಿಂದಲೂ ಬ್ಯಾಂಕ್ ಹೆಸರು ತೆಗೆಸಿ. ತೆಗೆಸದೆ ಬಿಟ್ಟರೆ ಕಾರು ಪೂರ್ತಿ ಹಾಳಾದ ದಿನ ಚೆಕ್ಕಿನ ಮೇಲೆ ಮೊದಲ ಹಕ್ಕು ಬ್ಯಾಂಕಿನದು, ಮತ್ತೆ ಅವರ ಹಿಂದೆ ಓಡಾಟ.

ಇದೇ ಹೊತ್ತಿಗೆ ಡ್ರೈವಿಂಗ್ ಲೈಸೆನ್ಸ್ ತೆಗೆದು ನೋಡಿ. ಹದಿನೆಂಟು-ಇಪ್ಪತ್ತರ ವಯಸ್ಸಿನಲ್ಲಿ ಇಪ್ಪತ್ತು ವರ್ಷಕ್ಕೆಂದು ಮಾಡಿಸಿದ್ದು ಸರಿಯಾಗಿ ಮಕ್ಕಳು ಸ್ಕೂಲಿಗೆ ಹೋಗುವ ವಯಸ್ಸಿನಲ್ಲಿ ಮುಗಿಯುತ್ತದೆ. ಮುಗಿದ ಲೈಸೆನ್ಸ್‌ನಲ್ಲಿ ಓಡಿಸುವಾಗ ಅಪಘಾತವಾದರೆ ಓಡಿ ಕ್ಲೈಮ್ ನಿರಾಕರಣೆಗೆ ಅದೇ ಕಾರಣವಾಗುತ್ತದೆ. ಮುಗಿಯುವ ಒಂದು ವರ್ಷ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಬಹುದು. ನಲವತ್ತು ದಾಟಿದವರಿಗೆ ವೈದ್ಯರ ಫಾರಂ 1ಎ ಬೇಕು.

ಹದಿನಾರು-ಹದಿನೇಳರ ಮಕ್ಕಳಿಗೆ ‘ಅಪಾರ್ಟ್‌ಮೆಂಟ್ ಒಳಗಷ್ಟೇ’ ಅಂತ ಕೀ ಕೊಡುವವರಿಗೆ: 199ಎ ಕಲಂನಲ್ಲಿ ಪೋಷಕರಿಗೆ 25,000 ದಂಡ, ಮೂರು ವರ್ಷದವರೆಗೆ ಜೈಲು, ಆರ್‌ಸಿ ಹನ್ನೆರಡು ತಿಂಗಳು ರದ್ದು. ವಿಮೆ ಅಲ್ಲಿ ನೆರವಿಗೆ ಬರುವುದಿಲ್ಲ.

ಕ್ಯಾತ್ಸಂದ್ರ ಟೋಲ್
ಕಟ್ಟಿದ ಮೇಲೆ ಮಾಡೋ ಕೆಲಸ: ಪಿಡಿಎಫ್ ತೆರೆದು ನಂಬರ್, ಎಂಜಿನ್ ನಂಬರ್, ಚಾಸಿ ನಂಬರನ್ನ ಆರ್‌ಸಿ ಪಕ್ಕ ಇಟ್ಟು ಒಂದೊಂದೇ ಅಕ್ಷರ ನೋಡಿ. ಇಂಗ್ಲಿಷಿನ ‘ಓ’ ಅಕ್ಷರ, ಸೊನ್ನೆ, ‘ಬಿ’, ಎಂಟು ಇವು ಅದಲುಬದಲು ಆಗೋದು ಮಾಮೂಲಿ. ತಪ್ಪಿದ್ರೆ ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ಹೊಸ ಪಾಲಿಸಿ ಕೂರಲ್ಲ, ಕ್ಯಾಮೆರಾ ಚಲನ್ ಬರುತ್ತೆ. ಮೂರ್ನಾಲ್ಕು ದಿನ ಬಿಟ್ಟು ಎಂಪರಿವಾಹನ್‌ನಲ್ಲಿ ವಿಮೆಯ ಮುಕ್ತಾಯ ದಿನಾಂಕ ಬದಲಾಗಿದೆಯಾ ನೋಡಿ. ಅದರಲ್ಲಾಗಲಿ ಡಿಜಿಲಾಕರ್‌ನಲ್ಲಾಗಲಿ ತೋರಿಸಿದ್ರೆ ಪೊಲೀಸರು ಒಪ್ಪಬೇಕು, ಜೆರಾಕ್ಸ್ ಬೇಕಿಲ್ಲ. ಎಮಿಷನ್ ಸರ್ಟಿಫಿಕೇಟ್ ತಾರೀಖನ್ನೂ ಅದೇ ಪರದೆ ಮೇಲೆ ನೋಡಬಹುದು.

ಬಟವಾಡಿ ಪಾಲಿಸಿ ಅಂಗಡಿ
ಸೆಕೆಂಡ್ ಹ್ಯಾಂಡ್ ಕಾರು ತಗೊಂಡವರಿಗೆ ಒಂದು ಸೇರಿಸಿ: ಥರ್ಡ್ ಪಾರ್ಟಿ ತಾನಾಗಿ ಹೊಸ ಮಾಲೀಕರಿಗೆ ಬರುತ್ತೆ, ಓಡಿ ಬರಲ್ಲ. 14 ದಿನದೊಳಗೆ ಕಂಪನಿಗೆ ಬರೆದು ಹೆಸರು ಬದಲಿಸಬೇಕು. ಹಳೇ ಮಾಲೀಕರ ಎನ್‌ಸಿಬಿ ನಿಮಗೆ ಬರಲ್ಲ, ಅದು ಮನುಷ್ಯರದ್ದು, ಕಾರಿನದ್ದಲ್ಲ. ಹಳೇ ಕಾರು ಮಾರಿದವರು ಎನ್‌ಸಿಬಿ ಪತ್ರ ತಗೊಂಡಿಟ್ಟರೆ ಮೂರು ವರ್ಷದೊಳಗೆ ಹೊಸ ಕಾರಿಗೆ ಹಾಕಿಕೊಳ್ಳಬಹುದು.

ಎಸ್‌.ಎಸ್‌.ಪುರಂ ಅಪ್ಪ
ಏಜೆಂಟ್ ಕೊಟೇಶನ್ನನ್ನೇ ಸರಿಮಾಡಿಸಿದೆ: ಐಡಿವಿ 4 ಲಕ್ಷ, ಬಂಪರ್ ಟು ಬಂಪರ್, ಎಂಜಿನ್ ಪ್ರೊಟೆಕ್ಟ್, ಪ್ರಯಾಣಿಕರ ಅಪಘಾತ ವಿಮೆ. ಟೈರ್, ಲಗೇಜ್ ತೆಗೆಸಿದೆ. ಅವರು ಈಗ ‘ವಾಲಂಟರಿ ಡಿಡಕ್ಟಿಬಲ್ 5,000 ಹಾಕಿದರೆ ಇನ್ನೂ ಇಳಿಸ್ತೀನಿ’ ಅಂತಿದ್ದಾರೆ. ಹಾಕಲಾ?

ಲೆಕ್ಕದ ಪುಸ್ತಕ
ಹಳೇ ಟ್ಯಾರಿಫ್‌ನಲ್ಲಿ 5,000ಕ್ಕೆ ಓಡಿಯ 25% ರಿಯಾಯಿತಿ, 1,500 ಮೀರದಂತೆ. ನಿಮ್ಮ 5,106ರ ಮೇಲೆ ಹೆಚ್ಚೆಂದರೆ 1,276, ಎನ್‌ಸಿಬಿ ಕಳೆದ ಮೇಲಿನ ಓಡಿಗೆ ಕೊಟ್ಟರೆ 702. ಕ್ಲೈಮ್ ಬಂದರೆ ಕಡ್ಡಾಯದ 1,000 ಜೊತೆ ಇನ್ನೊಂದು 5,000, ಒಟ್ಟು 6,000 ನಿಮ್ಮದು. ಸಣ್ಣದಕ್ಕೆ ಹೇಗೂ ಕ್ಲೈಮ್ ಮಾಡಲ್ಲ ಅಂತ ಗಟ್ಟಿ ಇರೋರಿಗೆ ಸರಿ. ಆದರೆ ಬಂಪರ್ ಟು ಬಂಪರ್‌ಗೆ ದುಡ್ಡು ಕೊಟ್ಟು ಅದರ ಪಕ್ಕದಲ್ಲೇ ಇದನ್ನು ಹಾಕಿದರೆ ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ ಕಿತ್ತುಕೊಂಡ ಹಾಗೆ. ಹಾಕಬೇಡಿ. ಆರಂಭದ ದಿನಾಂಕ 15, ಗಂಟೆ 00:00 ಅಂತ ಇದೆಯಾ ನೋಡಿಕೊಂಡು ಲಿಂಕ್‌ನಲ್ಲಿ ಕಟ್ಟಿಬಿಡಿ.